ಚಾಲಕನ ಕೋಣೆಯನ್ನೆತ್ತಿ ಮಾಡುವ ದುರಸ್ತಿ

ಮುಂದೆ ಚಾಲಕನ ಕೋಣೆ, ಹಿಂದೆ ಸರಕಿಗಾಗಿ ತೆರೆದ ತೊಟ್ಟಿ ಉಳ್ಳ ಸಣ್ಣ ಲಾರಿಗೆ ಪಿಕಪ್ ಎಂದು ಹೆಸರು. ಅಮೆರಿಕದಲ್ಲಿ ಎಷ್ಟೋ ಮಂದಿ ರೈತರಿಗೂ ಬಡಗಿಗಳಿಗೂ ಇದೇ ಜೀವನೋಪಾಯದ ವಾಹನ. ಅದು ನಿಂತ ದಿನ ಸಂಪಾದನೆಯೂ ನಿಂತಂತೆಯೇ. ಆದುದರಿಂದ ಅದರ ಇಂಜಿನು ಕೆಟ್ಟಾಗ, ಯಾವ ಮಾರ್ಗದಿಂದ ದುರಸ್ತಿ ಮಾಡಬೇಕೆಂಬುದನ್ನು ಮೆಕ್ಯಾನಿಕನು ಸ್ಪ್ಯಾನರು ಹಿಡಿಯುವ ಮೊದಲೇ ನಿರ್ಧರಿಸಬೇಕಾಗುತ್ತದೆ.

ಫೋರ್ಡ್ ಕಂಪನಿಯ ಸೂಪರ್ ಡ್ಯೂಟಿ ಪಿಕಪ್ಪುಗಳ 2003ರಿಂದ 2007ರವರೆಗಿನ ಮಾದರಿಗಳಲ್ಲಿದ್ದ 6 ಲೀಟರಿನ ಡೀಸೆಲ್ ಇಂಜಿನನ್ನು ನಿದರ್ಶನವಾಗಿ ನೋಡೋಣ. ಇದರಲ್ಲಿ ಸಿಲಿಂಡರುಗಳು 8; ನಾಲ್ಕು ನಾಲ್ಕರ ಎರಡು ಸಾಲು. ಒಂದೊಂದು ಸಾಲಿನ ಮೇಲೂ ‘ಹೆಡ್’ ಎಂಬ ಭಾರವಾದ ಲೋಹದ ಮುಚ್ಚಳ; ಮುಚ್ಚಳದ ಅಡಿಯಲ್ಲಿ ಗ್ಯಾಸ್ಕೆಟ್ ಎಂಬ ತೆಳುವಾದ ಹಾಳೆ. ಮುಚ್ಚಳವನ್ನು ಅದುಮಿ ಹಿಡಿಯುವ ದೊಡ್ಡ ಬೋಲ್ಟುಗಳು ಹತ್ತೇ ಹತ್ತು. ಒಳಗಿನ ಒತ್ತಡ ಮಿತಿಮೀರಿತೆಂದರೆ ಬೋಲ್ಟುಗಳು ಹಿಗ್ಗಿ ಮುಚ್ಚಳವು ಕೂದಲೆಳೆಯಷ್ಟು ಮೇಲೇಳುತ್ತದೆ. ಆಗ ಸಿಲಿಂಡರಿನ ಬಿಸಿ ಅನಿಲವು ಇಂಜಿನನ್ನು ತಣ್ಣಗಿಡುವ ದ್ರವದೊಳಕ್ಕೆ ನುಗ್ಗಿ, ದ್ರವವು ತನ್ನ ಡಬ್ಬಿಯಿಂದ ಹೊರಗೆ ಉಕ್ಕುತ್ತದೆ.

ಗ್ಯಾಸ್ಕೆಟ್ ಬದಲಾಯಿಸಲು ಎರಡೂ ಹೆಡ್ಡುಗಳನ್ನು ಬಿಚ್ಚಬೇಕು. ತೊಡಕಿರುವುದು ಇಲ್ಲಿಯೇ. ಇಂಜಿನಿನ ಹಿಂಭಾಗವು ಚಾಲಕನ ಕೋಣೆಯ ಅಡಿಗೆ ಹೊಕ್ಕಿಕೊಂಡಿದೆ. ನಮ್ಮ ನಗರದ ಅನೇಕ ದೊಡ್ಡ ಲಾರಿಗಳಲ್ಲಿರುವಂತೆ ಈ ಕೋಣೆ ಮುಂದಕ್ಕೆ ಬಾಗುವುದಿಲ್ಲ.

ರೇಡಿಯೇಟರನ್ನು ತೆಗೆದು, ಮುಂಭಾಗದ ಇಕ್ಕಟ್ಟಿನಲ್ಲಿ ನಿಂತು, ಹಿಂಬದಿಯ ಬೋಲ್ಟುಗಳನ್ನು ಕೈಯಿಂದಲೇ ತಡವಿ ಬಿಚ್ಚುವುದು ಒಂದು ಮಾರ್ಗ. ಇನ್ನೊಂದು ಮಾರ್ಗವು ನೋಡುವವರಿಗೆ ಹುಚ್ಚುತನವೆನಿಸೀತು: ಸ್ಟಿಯರಿಂಗಿನ ದಂಡ, ಬ್ರೇಕಿನ ಕೊಳವೆ, ವಿದ್ಯುತ್ ತಂತಿಗಳು ಎಲ್ಲವನ್ನೂ ಕಳಚಿ, ಕೋಣೆಯನ್ನು ಚೌಕಟ್ಟಿಗೆ ಬಿಗಿದ ಬೋಲ್ಟುಗಳನ್ನು ತೆಗೆದು, ಇಡೀ ಕೋಣೆಯನ್ನೇ ಎತ್ತುವ ಯಂತ್ರದಿಂದ ಗಾಳಿಗೇರಿಸುವುದು. ಕೆಳಗೆ ಚಕ್ರಗಳ ಮೇಲೆ ಇಂಜಿನು ನಾಲ್ಕು ಕಡೆಯಿಂದಲೂ ಕಾಣುವಂತೆ ಉಳಿಯುತ್ತದೆ! ನಿಂತ ನಿಲುವಿನಲ್ಲಿಯೇ ಕೆಲಸ ಸಾಗುತ್ತದೆ; ಬೋಲ್ಟುಗಳನ್ನು ಸರಿಯಾದ ಅಳತೆಗೆ ಬಿಗಿಯಲು ಉದ್ದನೆಯ ಟಾರ್ಕ್ ರೆಂಚಿಗೂ ಎಡೆಯುಂಟು. ಬಿಚ್ಚುವ ಭಾಗಗಳು ಹೆಚ್ಚಾದರೂ ಎರಡೂ ಹೆಡ್ಡುಗಳ ಕೆಲಸಕ್ಕೆ ಇದೇ ಲೇಸೆಂದು ನನಗೆ ತೋರುತ್ತದೆ.

ಆದರೆ ಎಲ್ಲರಿಗೂ ಇದು ಸಾಧ್ಯವೇ? ಎತ್ತುವ ಯಂತ್ರವಿರಬೇಕು, ಮೇಲ್ಛಾವಣಿ ಎತ್ತರವಿರಬೇಕು. ಅಮೆರಿಕದ ಉತ್ತರ ಭಾಗದಲ್ಲಿ ಚಳಿಗಾಲದ ಹಿಮವನ್ನು ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವುದರಿಂದ, ಅಲ್ಲಿನ ಗಾಡಿಗಳ ಬೋಲ್ಟುಗಳು ತುಕ್ಕು ಹಿಡಿದಿರುತ್ತವೆ. ಬಿಚ್ಚಹೋದರೆ ತುಂಡಾಗುವುದೂ ಉಂಟು. ಅಂಥ ಗಾಡಿಯಲ್ಲಿ ಕೋಣೆಯನ್ನು ಮುಟ್ಟದಿರುವುದೇ ಜಾಣತನ. ಅಲ್ಲಿನ ಅನೇಕ ಕಾರ್ಯಾಗಾರಗಳಲ್ಲಿ ಒಂದೊಂದು ಕೆಲಸಕ್ಕೂ ಇಷ್ಟು ಗಂಟೆಯೆಂದು ಮೊದಲೇ ನಿಗದಿಮಾಡಿ ಕೂಲಿ ಕೊಡುತ್ತಾರೆ. ತಪ್ಪು ಮಾರ್ಗ ಹಿಡಿದರೆ ನಷ್ಟವು ಮೆಕ್ಯಾನಿಕನದೇ.

ಹೆಡ್ ಹೊರಬಂದ ಮೇಲೆ ಅದರ ತಳಕ್ಕೆ ನೇರವಾದ ಉಕ್ಕಿನ ಪಟ್ಟಿಯನ್ನಿಟ್ಟು ಸೊಟ್ಟಗಾಗಿದೆಯೇ ಎಂದು ಪರೀಕ್ಷಿಸುತ್ತಾರೆ. ಬಿರುಕು ಬಿಟ್ಟಿದ್ದರೆ ಬೇರೆ ಹೆಡ್ಡನ್ನೇ ತರಬೇಕು. ಹಿಗ್ಗುವ ಬೋಲ್ಟುಗಳ ಬದಲಿಗೆ ಗಟ್ಟಿಯಾದ ಸ್ಟಡ್ಡುಗಳನ್ನು ಹಾಕುವುದೂ ರೂಢಿಯಲ್ಲಿದೆ. ಆಯಿಲನ್ನು ತಂಪಾಗಿಸುವ ಕೂಲರು ಕಸದಿಂದ ಕಟ್ಟಿಕೊಂಡಿದೆಯೇ ಎಂಬುದನ್ನು ಮಾತ್ರ ಮರೆಯದೆ ನೋಡಬೇಕು. ಅನೇಕ ವೇಳೆ ರೋಗದ ಮೂಲವಿರುವುದು ಅಲ್ಲಿ. ಅದನ್ನು ಹಾಗೆಯೇ ಬಿಟ್ಟರೆ ಹೊಸ ಗ್ಯಾಸ್ಕೆಟ್ಟಿನ ಗಾಡಿಯು ಕೆಲವೇ ತಿಂಗಳಲ್ಲಿ ಮತ್ತೆ ಅದೇ ಬಾಗಿಲಿಗೆ ಬಂದೀತು.