ಮುಖ ನೋಡದ ಗೆಳೆಯ

ಯಾರಾದರೂ ಹೊಗಳಿದರೆ ನಮಗೆ ಹಿಗ್ಗಾಗುವುದೇಕೆ? ಮೆದುಳಿನ ಆಳದಲ್ಲಿ ಸ್ಟ್ರಯೇಟಂ ಎಂಬ ಭಾಗವಿದೆ. ಅಲ್ಲಿ ಡೋಪಮಿನ್ ಎಂಬ ರಾಸಾಯನಿಕವು ‘ಇದು ಮತ್ತೆ ಬೇಕು’ ಎಂಬ ಆಸೆಯನ್ನು ಹುಟ್ಟಿಸುತ್ತದೆ. ಸಿಹಿತಿಂಡಿಗೂ ನಗುಮುಖಕ್ಕೂ ಈ ಭಾಗವು ಸ್ಪಂದಿಸುತ್ತದೆ.

ಮೆದುಳು ಬೇರೆ ಬಗೆಯಲ್ಲಿ ಬೆಳೆಯುವುದನ್ನು ಆಟಿಸಂ ಎನ್ನುವರು. ಅಮೆರಿಕದ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಇಂತಹ 11 ಮಕ್ಕಳನ್ನು ವರ್ಣಿಸಿದರು. ಇವರಿಗೆ ಜನರ ಒಡನಾಟದ ಆಸೆಯೇ ಕಡಿಮೆಯೆಂದು 2012ರಲ್ಲಿ ಕೆಲವು ವಿಜ್ಞಾನಿಗಳು ವಾದಿಸಿದರು. ಆದರೆ 2018ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಹಣದಂತಹ ಬಹುಮಾನಕ್ಕೂ ಇವರ ಮೆದುಳು ಬೇರೆ ರೀತಿಯಲ್ಲಿ ಸ್ಪಂದಿಸುವುದು ಕಂಡುಬಂತು. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ತಮಗೆ ಕಷ್ಟವೆಂದು ಆಟಿಸಂ ಇರುವ ಅನೇಕರೇ ಹೇಳಿದ್ದಾರೆ.

ಆದುದರಿಂದ, ಮುಖ ನೋಡದ ಸಹಪಾಠಿಗೆ ಗೆಳೆತನವೇ ಬೇಡವೆಂದು ತಿಳಿಯಬೇಡಿರಿ. ಪಕ್ಕದಲ್ಲಿ ಕುಳಿತು, ಅವನಿಗೆ ಪ್ರಿಯವಾದ ವಿಷಯವನ್ನೇ ಮಾತನಾಡಿಸಿರಿ.