ಟುರೆಟ್ ಸಿಂಡ್ರೋಮ್: ಮಕ್ಕಳ ಭಾಷೆ ಮತ್ತು ಮಾತುಕತೆ

ಕಣ್ಣು ಪಿಳುಕಿಸುವುದು, ಕತ್ತು ಕೊಡವುವುದು, ಭುಜ ಹಾರಿಸುವುದು ಮುಂತಾದ ಚಲನೆಗಳೂ ಗಂಟಲು ಸರಿಪಡಿಸಿಕೊಳ್ಳುವುದು, ಮೂಗು ಸೇದುವುದು, ಇದ್ದಕ್ಕಿದ್ದಂತೆ ಕೂಗುವುದು ಮುಂತಾದ ಧ್ವನಿಗಳೂ ಮಗುವಿನ ಹಿಡಿತ ಮೀರಿ ಮತ್ತೆ ಮತ್ತೆ ಬರುವುದನ್ನು ವೈದ್ಯರು ಟಿಕ್ ಎನ್ನುತ್ತಾರೆ. ಹಲವು ಚಲನೆಯ ಟಿಕ್‌ಗಳೂ ಕನಿಷ್ಠ ಒಂದು ಧ್ವನಿಯ ಟಿಕ್ಕೂ 18 ವರ್ಷದೊಳಗೆ ಆರಂಭವಾಗಿ ಒಂದು ವರ್ಷಕ್ಕೂ ಮೀರಿ ಉಳಿದರೆ ಅದು ಟುರೆಟ್ ಸಿಂಡ್ರೋಮ್. ಇಂಥ 9 ರೋಗಿಗಳ ವಿವರವನ್ನು 1885ರಲ್ಲಿ ಪ್ರಕಟಿಸಿದ ಫ್ರಾನ್ಸಿನ ನರವೈದ್ಯ ಜಾರ್ಜ್ ಜಿಲ್ ದ ಲಾ ಟುರೆಟ್ ಅವರ ಹೆಸರು ಇದಕ್ಕೆ ನಿಂತಿದೆ. ಶಾಲಾ ವಯಸ್ಸಿನ ಸಾವಿರ ಮಕ್ಕಳಲ್ಲಿ ಸುಮಾರು 3ರಿಂದ 9 ಮಕ್ಕಳಿಗೆ ಇದು ಇರುತ್ತದೆಂಬ ಅಂದಾಜಿದ್ದು, ಬಾಲಕರಲ್ಲಿ ಹೆಚ್ಚು. ಈ ಲೆಕ್ಕದಲ್ಲಿ ಬೀಳಗಿ ತಾಲ್ಲೂಕಿನ ಗಲಗಲಿಯಂಥ ದೊಡ್ಡ ಊರಿನ ಶಾಲೆಗಳಲ್ಲೂ ಅಂಥ ಕೆಲವು ಮಕ್ಕಳಿರುವುದು ಸಹಜವಾದರೂ, ಅವರ ಟಿಕ್‌ಗಳು ಕೆಟ್ಟ ಚಾಳಿಯೆಂದೋ ನೆಗಡಿ ಕೆಮ್ಮೆಂದೋ ಎಣಿಕೆಯಾಗಿ ಗುರುತು ತಪ್ಪುತ್ತವೆ.

ಈ ಸ್ಥಿತಿಯೆಂದರೆ ಬೈಗುಳ ಬಾಯಿಗೆ ಬರುವುದು ಎಂಬ ಕಲ್ಪನೆ ವ್ಯಾಪಕವಾಗಿದ್ದರೂ, ಆ ಲಕ್ಷಣ ಕಾಣುವುದು ಹತ್ತರಲ್ಲಿ ಒಬ್ಬಿಬ್ಬರಲ್ಲಿ ಮಾತ್ರ. ಕೆಲವರು ಕೇಳಿದ ಮಾತನ್ನು ಹಾಗೆಯೇ ಮರುನುಡಿಯುತ್ತಾರೆ, ಕೆಲವರು ತಮ್ಮದೇ ಪದದ ಕೊನೆಯನ್ನು ಎರಡು ಮೂರು ಸಲ ಹೇಳುತ್ತಾರೆ. ಇವೆಲ್ಲ ಬಾಯಿಂದ ಹೊರಡುವ ಟಿಕ್‌ಗಳೇ ಆಗಿರುವುದರಿಂದ ಇವುಗಳಿಂದ ಮಗುವಿನ ಭಾಷಾಜ್ಞಾನವನ್ನು ಅಳೆಯಲಾಗದು.

ಬೇಡದ ಚಲನೆಗಳನ್ನು ತಡೆದು ಬೇಕಾದದ್ದಕ್ಕೆ ಅನುವು ಮಾಡಿಕೊಡುವ, ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗದ ನರಜಾಲದಲ್ಲಿನ ವ್ಯತ್ಯಾಸವೇ ಟಿಕ್‌ಗಳ ಮೂಲವೆಂದು ತಿಳಿಯಲಾಗಿದೆ. ರೂಢಿಯಿಂದ ಮೈಗೂಡುವ ಕೌಶಲಗಳಲ್ಲೂ ಇದೇ ಜಾಲದ ಪಾತ್ರವಿದ್ದು, ವ್ಯಾಕರಣದ ನಿಯಮಗಳೂ ಅಂಥ ಕೌಶಲವೆಂಬ ವಾದವಿದೆ. ‘ಓಡು’ ಎಂಬುದರಿಂದ ‘ಓಡಿದ’ ಎಂಬ ರೂಪ ನಿಯಮದಿಂದ ತಾನೇ ಹುಟ್ಟುತ್ತದೆ, ಆದರೆ ‘ಬಾ’ ಎಂಬುದರ ‘ಬಂದ’ ಎಂಬ ರೂಪವನ್ನು ನೆನಪಿನಿಂದಲೇ ತೆಗೆಯಬೇಕು. ಇಂಥದೇ ಭೇದವಿರುವ ಇಂಗ್ಲಿಷ್ ಕ್ರಿಯಾಪದಗಳನ್ನು ಬಳಸಿ ವಾಲೆನ್ಸ್ಕಿ, ಮೊಸ್ಟೊಫ್ಸ್ಕಿ ಮತ್ತು ಉಲ್‌ಮನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟುರೆಟ್ ಇರುವ ಮಕ್ಕಳು ನಿಯಮಬದ್ಧ ರೂಪಗಳನ್ನು ಇತರ ಮಕ್ಕಳಿಗಿಂತ ಬೇಗ ಹೇಳಿದರು, ನೆನಪಿನ ರೂಪಗಳಲ್ಲಿ ಅಂಥ ಮೇಲುಗೈ ಕಾಣಲಿಲ್ಲ. ಸುತ್ತಿಗೆಯಂತೆ ಕೈಯಲ್ಲಿ ಹಿಡಿದು ಬಳಸುವ ವಸ್ತುಗಳ ಹೆಸರನ್ನೂ ಅವರು ಬೇಗ ಹೇಳಿದರು.

ತೊಡಕು ಎದುರಾಗುವುದು ನಾಲ್ಕು ಜನರ ನಡುವಿನ ಮಾತುಕತೆಯಲ್ಲಿ. ಟಿಕ್ ಬರುವ ಮುನ್ನ, ಸೀನಿಗೆ ಮೊದಲು ಮೂಗಿನಲ್ಲಾಗುವಂಥ ಕಸಿವಿಸಿ ಮೈಯಲ್ಲಿ ಏಳುತ್ತದೆ. ತರಗತಿಯಲ್ಲಿ ಎದ್ದು ನಿಂತು ಪಾಠ ಓದುವ ಮಗು ಟಿಕ್ಕನ್ನು ಕೆಲ ಹೊತ್ತು ತಡೆಹಿಡಿಯಬಲ್ಲದಾದರೂ, ಗಮನದ ದೊಡ್ಡ ಪಾಲು ಅದಕ್ಕೇ ಹೋಗುವುದರಿಂದ ಓದಿದ್ದರ ಅರ್ಥವಾಗಲಿ ಶಿಕ್ಷಕರ ಪ್ರಶ್ನೆಯಾಗಲಿ ತಲೆಗೆ ಹತ್ತುವುದಿಲ್ಲ. ಇವರಲ್ಲಿ ಅನೇಕರಿಗೆ ಗಮನ ಕೊರತೆಯ ಸಮಸ್ಯೆಯಾದ ಎಡಿಎಚ್‌ಡಿ ಅಥವಾ ಗೀಳುಮನೋಬೇನೆಯೂ ಇರುವುದರಿಂದ, ಸರದಿ ಕಾಯುವುದು, ಕಥೆಯನ್ನು ಕ್ರಮವಾಗಿ ಹೇಳುವುದು, ಮಾತಿನ ಒಳಾರ್ಥ ಹಿಡಿಯುವುದು ಕೆಲವರಿಗೆ ಕಷ್ಟವಾಗುತ್ತದೆ. ತಪ್ಪು ಮಾಡಿದಾಗ ಹಿರಿಯರು ‘ಭಾಳ ಶ್ಯಾಣ್ಯಾ ಇದ್ದಿ ಬಿಡಪಾ’ ಎಂದರೆ ಅಂಥ ಮಗು ಅದನ್ನು ಹೊಗಳಿಕೆಯೆಂದೇ ತಿಳಿಯಬಹುದು.

ಆತಂಕದಿಂದಲೂ ಟಿಕ್ ಕುರಿತ ಮಾತಿನಿಂದಲೂ ಅದು ಹೆಚ್ಚುವುದರಿಂದ, ‘ನಿಲ್ಲಿಸು’ ಎಂದು ಗದರುವುದು ಕೆಡುಕನ್ನೇ ಮಾಡುತ್ತದೆ. ಟಿಕ್ಕನ್ನು ಗಮನಿಸದಂತಿದ್ದು, ಮಾತು ಮುಗಿಯುವವರೆಗೆ ಕಾದು, ಬೇಕೆನಿಸಿದಾಗ ಹೊರಹೋಗಲು ಬಿಡುವುದು ಶಿಕ್ಷಕರು ಖರ್ಚಿಲ್ಲದೆ ಮಾಡಬಹುದಾದ ಉಪಕಾರ. ಗಂಟಲು ಸರಿಪಡಿಸಿಕೊಳ್ಳುವ ಒತ್ತಡ ಬಂದಾಗ ಬಾಯಿ ಮುಚ್ಚಿ ಮೂಗಿನಿಂದ ನಿಧಾನವಾಗಿ ಉಸಿರಾಡುವಂಥ ಅಭ್ಯಾಸಗಳನ್ನು ಕಲಿಸುವ ವರ್ತನಾ ಚಿಕಿತ್ಸೆ ಇದೆ, ಅಗತ್ಯವಿದ್ದವರಿಗೆ ಔಷಧಗಳೂ ಇವೆ. ಗಲಗಲಿ ಕಡೆಯವರು ಧಾರವಾಡದ ಡಿಮ್ಹಾನ್ಸ್ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬಹುದು, ಟೆಲಿ ಮಾನಸ್ ಸಹಾಯವಾಣಿ 14416ರಲ್ಲೂ ಸಲಹೆ ಕೇಳಬಹುದು.

ಟಿಕ್‌ಗಳು ಸಾಮಾನ್ಯವಾಗಿ 4ರಿಂದ 6ನೇ ವಯಸ್ಸಿನಲ್ಲಿ ಆರಂಭವಾಗಿ, 10ರಿಂದ 12ರ ಹೊತ್ತಿಗೆ ತೀವ್ರವಾಗಿ, ಹದಿಹರೆಯ ಕಳೆಯುವಷ್ಟರಲ್ಲಿ ಬಹುಪಾಲು ಮಕ್ಕಳಲ್ಲಿ ಇಳಿಯುತ್ತವೆ. ಆದರೆ ಆ ವರ್ಷಗಳಲ್ಲಿ ನಗೆಪಾಟಲಿಗೆ ಅಂಜಿ ಬಾಯಿ ಬಿಡದೆ ಕುಳಿತ ಮಗು, ಗೆಳೆತನವನ್ನೂ ಪ್ರಶ್ನೆ ಕೇಳುವ ಧೈರ್ಯವನ್ನೂ ಟಿಕ್ ಹೋದ ಮೇಲೆ ಹೊಸದಾಗಿ ಕಟ್ಟಿಕೊಳ್ಳಬೇಕಾಗುತ್ತದೆ. ಆದ್ದರಿಂದ ಮಗುವಿನ ಟಿಕ್ ನಿಲ್ಲಲೆಂದು ಕಾಯುವ ಮೊದಲೇ ಅದರ ಮಾತಿಗೆ ಕಿವಿಗೊಡುವುದನ್ನು ಮನೆಯೂ ಶಾಲೆಯೂ ಕಲಿಯಬೇಕು.