ಸುತ್ತಿಗೆ ಹುಡುಕಿದವರಿಗೆ ನಿಧಿ ಸಿಕ್ತು: ನಿಮ್ಮ ಹಿತ್ತಲಲ್ಲಿ ಹಳೇ ನಾಣ್ಯ ಸಿಕ್ಕರೆ ಏನು ಮಾಡ್ತೀರಿ?

ಮೆಟಲ್ ಡಿಟೆಕ್ಟರ್ ಹಿಡಿದು ಹಿತ್ತಲಲ್ಲಿ ಹಳೇ ನಾಣ್ಯ ತೆಗೆಯೋ ವಿಡಿಯೋಗಳನ್ನ ನೀವೂ ಮೊಬೈಲಲ್ಲಿ ನೋಡಿರ್ತೀರಿ. ನಾವೂ ಒಂದು ತರಿಸೋಣ ಅಂತ ಅನ್ನಿಸಿರಬಹುದು. ಅದಕ್ಕೂ ಮುಂಚೆ ಇಂಗ್ಲೆಂಡಿನ ಒಬ್ಬ ರೈತನ ಕಥೆ ಕೇಳಿ.

1992ರ ನವೆಂಬರ್. ಹಾಕ್ಸನ್ ಎಂಬ ಹಳ್ಳಿಯಲ್ಲಿ ರೈತ ಪೀಟರ್ ವಾಟ್ಲಿಂಗ್ ಅವರ ಸುತ್ತಿಗೆ ಹೊಲದಲ್ಲಿ ಕಳೆದುಹೋಗಿತ್ತು. ಹುಡುಕಿಕೊಡಲು ಗೆಳೆಯ ಎರಿಕ್ ಲಾಸ್ ಡಿಟೆಕ್ಟರ್ ತಂದರು. ಅದು ಸದ್ದು ಮಾಡಿದ ಕಡೆ ಅಗೆದರೆ ರೋಮನ್ ಕಾಲದ ನಾಣ್ಯ, ಬೆಳ್ಳಿ ಚಮಚ! ಲಾಸ್ ಸ್ವಲ್ಪ ಅಗೆದು ನಿಲ್ಲಿಸಿಬಿಟ್ಟರು, ಅಧಿಕಾರಿಗಳಿಗೆ ತಿಳಿಸಿದರು. ಮರುದಿನವೇ ತಜ್ಞರು ಬಂದು ಅಗೆದರು. ಒಟ್ಟು 14,865 ನಾಣ್ಯ, ಜೊತೆಗೆ ಚಿನ್ನದ ಒಡವೆ. ಎಲ್ಲಾ ಒಂದು ಮರದ ಪೆಟ್ಟಿಗೆಯಲ್ಲಿ ಒಪ್ಪವಾಗಿ ಜೋಡಿಸಿಟ್ಟದ್ದು ಅನ್ನೋದೂ ತಿಳಿಯಿತು. ಅವರೇ ಪೂರ್ತಿ ಕಿತ್ತು ಹಾಕಿದ್ದರೆ ಈ ಮಾಹಿತಿ ಮಣ್ಣುಪಾಲು. ಸಿಕ್ಕ 17.5 ಲಕ್ಷ ಪೌಂಡ್ ಬಹುಮಾನವನ್ನು ಲಾಸ್ ರೈತನ ಜೊತೆ ಹಂಚಿಕೊಂಡರು. ಸುತ್ತಿಗೆಯೂ ಸಿಕ್ಕಿತು, ಈಗ ಅದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಅಲ್ಲಿನ ಬಹುಮಾನದ ಲೆಕ್ಕ ಇಲ್ಲಿಗೆ ಹಾಕಬೇಡಿ. ನಮ್ಮಲ್ಲಿ 1962ರ ಕರ್ನಾಟಕ ನಿಧಿ ಕಾಯ್ದೆ ಇದೆ. ಜಮೀನು ನಿಮ್ಮದೇ ಆದರೂ ಸಿಕ್ಕ ನಿಧಿ ಮುಚ್ಚಿಟ್ಟರೆ ಶಿಕ್ಷೆ ಆಗಬಹುದು. ಪಾಯ ತೋಡುವಾಗಲೋ ಉಳುವಾಗಲೋ ನಾಣ್ಯ ಸಿಕ್ಕರೆ ಹೀಗೆ ಮಾಡಿ:

1. ಅಗೆತ ನಿಲ್ಲಿಸಿ. ಜೆಸಿಬಿ ಇದ್ದರೆ ಆಫ್ ಮಾಡಿಸಿ.
2. ಸಿಕ್ಕ ಜಾಗದಲ್ಲೇ ಫೋಟೋ ತೆಗೆಯಿರಿ, ಮೊಬೈಲ್ ಲೊಕೇಶನ್ ಆನ್ ಇರಲಿ.
3. ಹುಣಸೆಹಣ್ಣು, ನಿಂಬೆ, ಬೂದಿ ಹಾಕಿ ಉಜ್ಜಬೇಡಿ. ಅಕ್ಷರ ಅಳಿಸಿದರೆ ನಾಣ್ಯ ಯಾವ ಕಾಲದ್ದು ಅಂತ ಹೇಳೋದೇ ಕಷ್ಟ.
4. ಏನು, ಎಲ್ಲಿ, ಯಾವತ್ತು ಸಿಕ್ಕಿತು ಅಂತ ಬರೆದು ಜಿಲ್ಲಾಧಿಕಾರಿಗೆ ಕೊಡಿ, ಸ್ವೀಕೃತಿ ಪಡೆಯಿರಿ. ದಾರಿ ಗೊತ್ತಾಗದಿದ್ದರೆ ತಹಶೀಲ್ದಾರ್ ಕಚೇರಿಯಲ್ಲಿ ಕೇಳಿ.
5. ಅದಕ್ಕೂ ಮುಂಚೆ ವಾಟ್ಸಾಪ್ ಸ್ಟೇಟಸ್ ಹಾಕಬೇಡಿ. ರಾತ್ರೋರಾತ್ರಿ ಜನ ಬಂದು ಹೊಲ ಅಗೆದಾರು.

ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯೋದು ಅಪರಾಧ. ‘ಪೂಜೆ ಮಾಡಿ ನಿಧಿ ತೋರಿಸ್ತೀವಿ’ ಅನ್ನೋರನ್ನ ಅಂಗಳಕ್ಕೂ ಸೇರಿಸಬೇಡಿ.

ಡಿಟೆಕ್ಟರ್‌ಗೆ ಹೆಚ್ಚಾಗಿ ಸಿಗೋದು ಮೊಳೆ, ಬಾಟಲಿ ಮುಚ್ಚಳ, ಮುರಿದ ಕುಡುಗೋಲು. ಅದೂ ನಷ್ಟವೇನಲ್ಲ. ಮಣ್ಣಲ್ಲಿ ಬಿದ್ದ ನಟ್ಟು, ಬೋಲ್ಟು ತೆಗೆದಿಟ್ಟರೆ ರೋಟವೇಟರ್ ಬ್ಲೇಡ್ ಉಳಿಯುತ್ತೆ. ವಾಟ್ಲಿಂಗ್ ಅವರಿಗೆ ಬೇಕಿದ್ದದ್ದೂ ಸುತ್ತಿಗೆ ಅಷ್ಟೇ ಅಲ್ವಾ?